ಹಳೆಯ 18 ಎಚ್‌ಪಿಯೇ ನನ್ನ ತೋಟಕ್ಕೆ ಸರಿಹೋಯಿತು

ಮೂರು ವರ್ಷದ ಹಿಂದೆ ಆ ಹಳೆಯ 18 ಎಚ್‌ಪಿ ಟ್ರ್ಯಾಕ್ಟರನ್ನು ಅರಸೀಕೆರೆ ಕಡೆಯಿಂದ ತಂದು ಇಳಿಸಿದಾಗ ಭಾವ ಹೇಳಿದ್ದು ಒಂದೇ ಮಾತು: "ಗುಜರಿಗೆ ಹೋಗುವುದನ್ನು ದುಡ್ಡು ಕೊಟ್ಟು ತಂದಿದ್ದೀಯ." ಅವರು ಅದೇ ವರ್ಷ ಸಾಲ ಮಾಡಿ 50 ಎಚ್‌ಪಿಯ ಹೊಸದನ್ನು ತೆಗೆದುಕೊಂಡಿದ್ದರು. ಟ್ರೈಲರ್, ಮಣ್ಣು ಪುಡಿ ಮಾಡುವ ರೋಟವೇಟರ್ ಸೇರಿ ಹನ್ನೊಂದು ಲಕ್ಷದ ಹತ್ತಿರ. ನಾನು ಕೊಟ್ಟದ್ದು 1.10 ಲಕ್ಷ. ಈ ಸಲ ಮುಂಗಾರಿಗೆ ಮುಂಚೆ ಅವರೇ ಬಂದು ನನ್ನ ಗಾಡಿಯನ್ನು ಎರಡು ದಿನಕ್ಕೆ ಕೇಳಿದರು.

ನಮ್ಮದು ಬೇಲೂರು ತಾಲ್ಲೂಕಿನಲ್ಲಿ ಎಂಟು ಎಕರೆ. ನಾಲ್ಕು ಅಡಿಕೆ, ಮೂರು ರೊಬಸ್ಟಾ ಕಾಫಿ, ಒಂದು ಗದ್ದೆ.

ಮೊದಲ ವರ್ಷ ದುಡ್ಡು ನೀರಿನಂತೆ ಹರಿಯಿತು. ತಂದ ಹದಿನೈದು ದಿನಕ್ಕೇ ರೇಡಿಯೇಟರ್ ಸೋರಿ, ಎಂಜಿನ್ ಕಾದು, ಎಂಜಿನ್ನಿಗೂ ಅದರ ಮೇಲಿನ ಹೆಡ್ಡಿಗೂ ನಡುವೆ ಕೂರುವ ಹೆಡ್ ಗ್ಯಾಸ್ಕೆಟ್ ಹೋಯಿತು. ಮೆಕ್ಯಾನಿಕ್ ಒಬ್ಬ ಗ್ಯಾಸ್ಕೆಟ್ ಬದಲಿಸಿ ಹನ್ನೆರಡು ಸಾವಿರ ತೆಗೆದುಕೊಂಡ, ಹೆಡ್ಡನ್ನು ಮಾತ್ರ ಮಟ್ಟ ನೋಡಲೇ ಇಲ್ಲ. ತಿಂಗಳೊಳಗೆ ರೇಡಿಯೇಟರ್ ನೀರಿನಲ್ಲಿ ಮತ್ತೆ ಗುಳ್ಳೆ ಏಳತೊಡಗಿತು. ಎರಡನೇ ಸಲ ನಾನೇ ಹೆಡ್ಡನ್ನು ಲೇತ್‌ಗೆ ಒಯ್ದು, ಎದುರಿಗೆ ನಿಂತು ಫೇಸಿಂಗ್ ಮಾಡಿಸಿದೆ, ಅಂದರೆ ತಳ ಹೆರೆಸಿ ಮಟ್ಟ ಮಾಡಿಸಿದೆ. ರಿಂಗ್, ಕ್ಲಚ್ ಪ್ಲೇಟ್, ಟೈರ್ ಎಲ್ಲ ಸೇರಿ ಎಪ್ಪತ್ತೈದು ಸಾವಿರ ದಾಟಿರಬೇಕು. ಹೈಡ್ರಾಲಿಕ್ ಲಿಫ್ಟಂತೂ ರೋಟವೇಟರ್ ಎತ್ತಿದ ಐದು ನಿಮಿಷಕ್ಕೆ ನೆಲ ಮುಟ್ಟಿಸುತ್ತಿತ್ತು. ಎಣ್ಣೆ ಸೋರದಂತೆ ತಡೆಯುವ ಓ ರಿಂಗ್ ಮೂರು ಸಲ ಬದಲಿಸಿ ಸಾಕಾಗಿ ಬೇರೆ ದಾರಿ ಹಿಡಿದೆ. ಈಗ ಬಿಗಿಯಾಗಿ ನಿಲ್ಲುತ್ತದೆ. ಆ ದಾರಿಯನ್ನು ತೋಟಕ್ಕೆ ಬಂದವರಿಗೆ ಮಾತ್ರ ತೋರಿಸುತ್ತೇನೆ.

ಒಂಬತ್ತಡಿ ಅಂತರದ ಅಡಿಕೆ ಸಾಲಿನಲ್ಲಿ ಎಚ್‌ಪಿಗಿಂತ ಅಗಲ ಮುಖ್ಯ. ನನ್ನದು ನಾಲ್ಕಡಿಯೊಳಗೆ, ಭಾವನದು ಆರಡಿ. ಸಾಲಿಗೆ ಅವರದೂ ಇಳಿಯುತ್ತದೆ, ತಿರುಗಿಸುವಾಗ ಮರಕ್ಕೆ ಉಜ್ಜುತ್ತದೆ. ಕಳೆದ ವರ್ಷ ಮಳೆ ಬಿದ್ದ ಮರುದಿನ ಅವರು ಗೊಬ್ಬರ ಹೊಡೆಸಿದರು. ಎರಡು ಟನ್ ತೂಕದ ಗಾಡಿ, ಚಕ್ರದ ಜಾಡು ಗೇಣು ಆಳ. ಕೂತು ನೋಡಿದೆ: ಜಾಡಿನ ಎರಡು ಅಂಚಿನಲ್ಲೂ ಹರಿದ ಬೇರು ನೂಲಿನ ಕುಚ್ಚಿನ ಹಾಗೆ ಜೋತುಬಿದ್ದಿತ್ತು. ಬೇಸಿಗೆಯಲ್ಲಿ ಆ ಸಾಲು ಮೊದಲು ಬಾಡಿತು. ನನ್ನದು ಎಂಟುನೂರು ಕೆಜಿ ಇರಬಹುದು. ಡೀಸೆಲ್ ಗಂಟೆಗೆ ಎರಡು ಲೀಟರ್ ಮೀರುವುದಿಲ್ಲ, ಅವರದು ನಾಲ್ಕೈದು ಕುಡಿಯುತ್ತದೆ.

ಗದ್ದೆಯ ಮಾತು ಬೇರೆ. ಕೆಸರು ಹೊಡೆಯಲು ಹೋಗಿ ಆಕ್ಸಲ್‌ವರೆಗೆ ಹೂತಾಗ ಎಳೆದು ತೆಗೆದದ್ದು ಭಾವನ ಗಾಡಿಯೇ. ಆ ಒಂದು ಎಕರೆಗೆ ಈಗ ದೊಡ್ಡದನ್ನೇ ಬಾಡಿಗೆಗೆ ಕರೆಸುತ್ತೇನೆ, ವರ್ಷಕ್ಕೆ ಐದಾರು ಸಾವಿರ ಆಗುತ್ತದೆ. ಏರಿನಲ್ಲಿ ಟ್ರೈಲರ್ ತುಂಬಿದರೆ ನನ್ನದರ ಮೂತಿ ಏಳುತ್ತಿತ್ತು. ಮುಂದೆ ಎಂಬತ್ತು ಕೆಜಿ ತೂಕ ಕಟ್ಟಿದ್ದೇನೆ, ಆದರೂ ಒಂದು ಟನ್ನಿಗಿಂತ ಹೆಚ್ಚು ಹೇರುವುದಿಲ್ಲ.

ಭಾವ ಕೇಳಿ ಬಂದದ್ದು ಔಷಧಿ ಹೊಡೆಯಲು. ಟ್ರ್ಯಾಕ್ಟರಿನ ಹಿಂದೆ ತಿರುಗುವ ಪಿಟಿಒ ದಂಡಕ್ಕೆ ಔಷಧಿಯನ್ನು ಒತ್ತಡದಿಂದ ಚಿಮ್ಮಿಸುವ ಎಚ್‌ಟಿಪಿ ಪಂಪ್ ಜೋಡಿಸಿ, ಹಿಂದೆ 200 ಲೀಟರ್ ಡ್ರಮ್ ಕೂರಿಸಿದ್ದೇನೆ. ಮೈಲುತುತ್ತ ಎರಡು ಕೆಜಿ, ಸುಣ್ಣ ಎರಡು ಕೆಜಿ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ. ಮೊದಲು ಪಂಪ್ ವಿಪರೀತ ಓಡಿ ಪ್ಯಾಕಿಂಗ್ ಕಿತ್ತುಹೋಯಿತು. ನಾಲ್ಕು ಪುಲ್ಲಿ ಹಾಕಿ ನೋಡಿದ ಮೇಲೆ ಒಂದು ಕೂತಿತು. ಅದರ ಅಳತೆ ನನ್ನಲ್ಲೇ ಇರಲಿ. ಈಗ ಅರವತ್ತಡಿ ದೋಟಿಯ (ಉದ್ದ ಕೋಲಿನ) ತುದಿಯಲ್ಲೂ ಮಂಜಿನಂತೆ ಬೀಳುತ್ತದೆ, ಗೊನೆ ಪೂರ್ತಿ ತೋಯುತ್ತದೆ.

ಭಾವನ ತೋಟದಲ್ಲಿ ಎರಡು ದಿನಕ್ಕೆ ಹದಿನಾರು ಡ್ರಮ್ ಮುಗಿಸಿದೆವು. ಸಾಲಿನೊಳಗೆ ಒಂದು ಮರಕ್ಕೂ ತಾಗಲಿಲ್ಲ.