ಕಾರಿನ ಚಕ್ರ, ಬಂಪರ್‌ಗೆ ಮನೆಯಲ್ಲೇ ಬಣ್ಣ: ನಮ್ಮ ಗಾಳಿ, ಧೂಳು, ನೀರಿಗೆ ಹೊಂದುವ ವಿಧಾನ

ಜೂನ್‌ನಿಂದ ಆಗಸ್ಟ್‌ವರೆಗೆ ಚಿತ್ರದುರ್ಗದಲ್ಲಿ ಬಯಲಲ್ಲಿ ನಿಂತು ಸ್ಪ್ರೇ ಹೊಡೆಯಬೇಡಿ. ಜೋಗಿಮಟ್ಟಿಯ ಗಾಳಿಯಂತ್ರಗಳು ಬಿಡುವಿಲ್ಲದೆ ತಿರುಗುವ ಆ ದಿನಗಳಲ್ಲಿ ಅರ್ಧ ಬಣ್ಣ ಪಕ್ಕದ ಮನೆಯ ಗೋಡೆಗೆ ಹೋಗುತ್ತದೆ. ದಾವಣಗೆರೆ ಕಡೆ ಮೆಕ್ಕೆಜೋಳದ ಒಕ್ಕಣೆ ನಡೆಯುವಾಗ ಹೊಟ್ಟು, ಧೂಳು ಹಸಿ ಬಣ್ಣಕ್ಕೆ ಅಂಟುತ್ತವೆ. ಏಪ್ರಿಲ್ ಮಧ್ಯಾಹ್ನವಾದರೆ ಬಣ್ಣದ ಹನಿ ಗಾಳಿಯಲ್ಲೇ ಒಣಗಿ, ಮೇಲ್ಮೈಯಲ್ಲಿ ರವೆಯಂತೆ ಕೂರುತ್ತದೆ. ಜನವರಿ, ಫೆಬ್ರವರಿಯಲ್ಲಿ ಬೆಳಿಗ್ಗೆ 9ರಿಂದ 11 ಗಂಟೆ ಒಳ್ಳೆಯ ಹೊತ್ತು. ಅರ್ಧ ಗಂಟೆ ಮುಂಚೆ ನೆಲಕ್ಕೆ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ.

ಚಕ್ರ ಲೋಹ, ಬಂಪರ್ ಪ್ಲಾಸ್ಟಿಕ್. ಎರಡಕ್ಕೂ ಒಂದೇ ಪ್ರೈಮರ್ (ಬಣ್ಣಕ್ಕೂ ಮೊದಲು ಹೊಡೆಯುವ ತಳದ ಕೋಟ್) ಹೊಡೆಯುವುದೇ ಮನೆ ಕೆಲಸ ಕೆಡಲು ದೊಡ್ಡ ಕಾರಣ. 400 ಮಿ.ಲೀ. ಡಬ್ಬಿಯ ಲೆಕ್ಕದಲ್ಲಿ ಸಣ್ಣ ಕಾರಿನ ನಾಲ್ಕು ಚಕ್ರಗಳಿಗೆ ಸುಮಾರು 2 ಪ್ರೈಮರ್, 3 ಬಣ್ಣ, 2 ಕ್ಲಿಯರ್ (ಬಣ್ಣದ ಮೇಲೆ ಹೊಡೆಯುವ ಪಾರದರ್ಶಕ ಕೋಟ್) ಬೇಕು. ಒಂದು ಬಂಪರ್‌ಗೆ 1 ಪ್ಲಾಸ್ಟಿಕ್ ಪ್ರೈಮರ್, 1 ಸಾದಾ ಪ್ರೈಮರ್, 2 ಬಣ್ಣ, 2 ಕ್ಲಿಯರ್. ಬಂಪರ್ ಬಣ್ಣವನ್ನು ಕಣ್ಣಂದಾಜಿನಲ್ಲಿ ಆರಿಸಬೇಡಿ. ಬಾಗಿಲಿನ ಕಂಬದಲ್ಲೋ ಬಾನೆಟ್ ಒಳಗೋ ಇರುವ ಪಟ್ಟಿಯಲ್ಲಿ ಕಲರ್ ಕೋಡ್ ನೋಡಿ.

ಮೊದಲು ಚಕ್ರ. ಜಾಕ್ ಏರಿಸುವ ಮೊದಲೇ ನಟ್‌ಗಳನ್ನು ಅರ್ಧ ಸುತ್ತು ಸಡಿಲಿಸಿ. ಸ್ಟೆಪ್ನಿ ಹಾಕಿಕೊಂಡು ಒಂದೊಂದೇ ಚಕ್ರ ಬಿಚ್ಚಿದರೆ ಗಾಡಿ ಜಾಕ್ ಮೇಲೆ ನಿಲ್ಲಬೇಕಿಲ್ಲ. ಟೈರ್ ಕಳಚಬೇಕಾಗಿಯೂ ಇಲ್ಲ. ಗಾಳಿ ಬಿಟ್ಟು, ಟೈರು ಮತ್ತು ರಿಮ್ಮಿನ ನಡುವೆ ಹಳೆಯ ಲಗ್ನಪತ್ರಿಕೆಗಳನ್ನು ಒಂದರ ಮೇಲೊಂದು ಸ್ವಲ್ಪ ಏರುವಂತೆ ಸುತ್ತಲೂ ಸಿಕ್ಕಿಸಿ. ದಪ್ಪ ರಟ್ಟಾದ್ದರಿಂದ ಮಾಸ್ಕಿಂಗ್ ಟೇಪಿಗಿಂತ ಅಂಚು ಚೊಕ್ಕವಾಗಿ ಬರುತ್ತದೆ. ವಾಲ್ವ್‌ಗೆ ಮಾತ್ರ ಟೇಪ್ ಸುತ್ತಿ.

ಸ್ಟೀಲ್ ರಿಮ್ಮಿನ ತುಕ್ಕನ್ನು 80 ನಂಬರ್ ಸ್ಯಾಂಡ್ ಪೇಪರಿನಿಂದ ಲೋಹ ಹೊಳೆಯುವವರೆಗೆ ತೆಗೆದು, 180, 320 ಎಂದು ನುಣ್ಣಗೆ ಮಾಡುತ್ತಾ ಬನ್ನಿ. ತುಕ್ಕು ಚೂರು ಉಳಿದರೂ ಬಣ್ಣದ ಕೆಳಗೇ ಹರಡುತ್ತದೆ. ಅಲಾಯ್ ಚಕ್ರದಲ್ಲಿ ಬರಿ ಅಲ್ಯೂಮಿನಿಯಂ ಕಂಡ ಕಡೆ ಲೋಹವನ್ನು ಕಚ್ಚಿ ಹಿಡಿಯುವ ಎಚ್ (etch) ಪ್ರೈಮರ್ ಅಥವಾ ಎಪಾಕ್ಸಿ ಪ್ರೈಮರ್, ಎರಡರಲ್ಲಿ ಒಂದು ಬೇಕೇ ಬೇಕು; ಸಾದಾ ಪ್ರೈಮರ್ ಹಪ್ಪಳದಂತೆ ಎದ್ದು ಬರುತ್ತದೆ. ಬಿರುಕು ಬಿಟ್ಟ ಅಲಾಯ್‌ಗೆ ಪುಟ್ಟಿ ತುಂಬಿ ಬಣ್ಣ ಹೊಡೆಯುವುದು ಪ್ರಾಣಕ್ಕೆ ಅಪಾಯ. ಅದನ್ನು ಬದಲಿಸಿ.

ನಟ್ ಕೂರುವ ಗುಂಡಿಗೂ, ಹಿಂಬದಿಯಲ್ಲಿ ಹಬ್‌ಗೆ (ಗಾಡಿಯಲ್ಲಿ ಚಕ್ರ ಕೂರುವ ಭಾಗ) ತಾಗುವ ಮುಖಕ್ಕೂ ಬಣ್ಣ ಬೀಳಬಾರದು. ಅಲ್ಲಿ ಕೂತ ದಪ್ಪ ಬಣ್ಣ ಓಡಾಟದಲ್ಲಿ ಜಜ್ಜಿಹೋಗುತ್ತದೆ, ನಟ್ ಸಡಿಲವಾಗುತ್ತದೆ. ಒಳಗೆ ಅಂಟಿಸಿದ ಬ್ಯಾಲೆನ್ಸ್ ತೂಕಗಳನ್ನು ಕೀಳಬೇಡಿ.

ಇನ್ನು ಬಂಪರ್. ಒಳಬದಿಯಲ್ಲಿ ಪಿಪಿ ಎಂಬ ಅಚ್ಚಿದ್ದರೆ ಅದು ಪಾಲಿಪ್ರೊಪಿಲೀನ್. ಇದಕ್ಕೆ ಬಣ್ಣ ಸುಲಭವಾಗಿ ಹಿಡಿಯುವುದಿಲ್ಲ. ಪಾತ್ರೆ ತೊಳೆಯುವ ಸೋಪಿನಿಂದ ಎರಡು ಸಲ ತೊಳೆಯಿರಿ. ನಮ್ಮ ಬೋರ್‌ವೆಲ್ ನೀರು ಬಹಳ ಕಡೆ ಗಡಸು. ಒಣಗಿದಾಗ ಉಳಿಯುವ ಉಪ್ಪು ಬಣ್ಣದ ಕೆಳಗೆ ಪಸೆ ಎಳೆದುಕೊಂಡು ಗುಳ್ಳೆ ಎಬ್ಬಿಸುತ್ತದೆ. ಕೊನೆಯ ಸಲ ಆರ್‌ಒ ಫಿಲ್ಟರ್ ನೀರಿನಿಂದ ತೊಳೆದು ಒರೆಸಿ. ಹಿಂದೆ ಸಿಲಿಕೋನ್ ಪಾಲಿಶ್ ಬಳಿದಿದ್ದರೆ ಅಂಗಡಿಯಲ್ಲಿ ಸಿಗುವ ವ್ಯಾಕ್ಸ್ ರಿಮೂವರ್‌ನಿಂದ ತೆಗೆಯಿರಿ, ಇಲ್ಲದಿದ್ದರೆ ಬಣ್ಣ ಮೀನುಕಣ್ಣಿನಂತೆ ಗುಂಡಗೆ ಬಿಟ್ಟುಕೊಳ್ಳುತ್ತದೆ. ಬರಿ ಪ್ಲಾಸ್ಟಿಕ್ ಮೇಲೆ ಥಿನ್ನರ್ ಒರೆಸಬೇಡಿ. ಪ್ಲಾಸ್ಟಿಕ್ ಅದನ್ನು ಹೀರಿ ಉಬ್ಬುತ್ತದೆ.

ಆಳವಾದ ಗೀರಿಗೆ ಬಂಪರ್ ಪುಟ್ಟಿಯೇ ಬೇಕು. ಬಾಡಿಯ ತಗಡಿಗೆ ಹಾಕುವ ಪುಟ್ಟಿ ಬಾಗುವುದಿಲ್ಲ, ಸಣ್ಣ ತಾಗುವಿಕೆಗೇ ಸೀಳುತ್ತದೆ. 180, 320, ಕೊನೆಗೆ 600 ವಾಟರ್ ಪೇಪರಿನಿಂದ (ನೀರು ಹಚ್ಚಿ ಉಜ್ಜುವ ಸ್ಯಾಂಡ್ ಪೇಪರ್) ಉಜ್ಜಿ. ಹಳೆ ಬಣ್ಣದ ಅಂಚು ಉಗುರಿಗೆ ಎಟುಕಬಾರದು. ಪ್ಲಾಸ್ಟಿಕ್ ಕಾಣುವ ಕಡೆ ಪ್ಲಾಸ್ಟಿಕ್ ಪ್ರೈಮರ್ ಅನ್ನು ಒಂದೇ ತೆಳು ಕೋಟ್ ಹೊಡೆದು, ಡಬ್ಬಿಯಲ್ಲಿ ಬರೆದ ಹೊತ್ತಿನೊಳಗೆ ಸಾದಾ ಪ್ರೈಮರ್ ಹೊಡೆಯಿರಿ. ತಡವಾದರೆ ಅದರ ಹಿಡಿತ ಹೋಗುತ್ತದೆ. ಪ್ರೈಮರ್ ಒಣಗಿದ ಮೇಲೆ 600ರಿಂದ ಹಗುರಾಗಿ ಉಜ್ಜಿ.

ಸ್ಪ್ರೇ ಎರಡಕ್ಕೂ ಒಂದೇ ಬಗೆ. ಒಳಗಿನ ಗುಂಡು ಸದ್ದು ಮಾಡತೊಡಗಿದ ಮೇಲೆ 2 ನಿಮಿಷ ಅಲುಗಾಡಿಸಿ. 20–25 ಸೆಂ.ಮೀ. ದೂರದಿಂದ, ಅಂಚಿನ ಹೊರಗೆ ಶುರುಮಾಡಿ ಅಂಚಿನ ಹೊರಗೇ ಬೆರಳು ಬಿಡಿ. ಮೊದಲ ಕೋಟ್ ಮಂಜಿನಂತೆ, ಕೆಳಗಿನ ಪ್ರೈಮರ್ ಕಾಣುತ್ತಿರಲಿ. 10–15 ನಿಮಿಷದ ಅಂತರದಲ್ಲಿ ಮೂರು ಕೋಟ್, ಮೇಲೆ ಎರಡು ಕ್ಲಿಯರ್. ಇಳಿದುಬಂದ ಹನಿಯನ್ನು ಬಟ್ಟೆಯಿಂದ ಒರೆಸಿದರೆ ಸುತ್ತಲಿನದೂ ಕೆಡುತ್ತದೆ. ಎರಡು ದಿನ ಬಿಟ್ಟು 1000 ನಂಬರ್ ವಾಟರ್ ಪೇಪರಿನಿಂದ ತೆಗೆಯಿರಿ.

ಹತ್ತಿರ ಗ್ಯಾಸ್ ಒಲೆ, ದೇವರ ದೀಪ, ಊದುಬತ್ತಿ ಉರಿಯುತ್ತಿರಬಾರದು. ಬಟ್ಟೆ ಮಾಸ್ಕ್ ಈ ಆವಿಗೆ ಏನೂ ಅಲ್ಲ. ಇದ್ದಿಲು ಕಾರ್ಟ್ರಿಜ್ ಇರುವ ಮಾಸ್ಕ್ ತನ್ನಿ. ಹಾರ್ಡನರ್ ಬೆರೆಸುವ 2ಕೆ ಕ್ಲಿಯರ್‌ನ ಐಸೊಸಯನೇಟ್ ಶ್ವಾಸಕೋಶ ಕೆಡಿಸುವಂಥದ್ದು, ಅದನ್ನು ಪೇಂಟ್ ಬೂತಿಗೇ ಬಿಡಿ.

ಚಕ್ರವನ್ನು 24 ಗಂಟೆ ಒಣಗಿಸಿ, ಗಾಳಿ ತುಂಬಿಸಿ ಜೋಡಿಸಿ. ನಟ್‌ಗಳನ್ನು ಎದುರು-ಬದುರಾಗಿ, ಗಾಡಿಯ ಕೈಪಿಡಿಯಲ್ಲಿರುವ ಟಾರ್ಕ್‌ಗೆ (ಬಿಗಿಯ ಅಳತೆ) ಬಿಗಿಯಿರಿ. ಸುಮಾರು 100 ಕಿ.ಮೀ. ಓಡಿದ ಮೇಲೆ ಇನ್ನೊಮ್ಮೆ ಬಿಗಿ ನೋಡಿ. ವಾಟರ್ ಸರ್ವೀಸ್‌ನ ಜೋರು ನೀರು ಎರಡು ವಾರ ಬೇಡ.