ಸ್ಪೋರ್ಟ್ಸ್ ಗೇಮ್ ಕೊಡಿಸುವ ಮುಂಚೆ ಈ ಸಾಲು ನೋಡಿ

ಮಕ್ಕಳಿಗೆ ಫುಟ್‌ಬಾಲ್ ಗೇಮ್ ಕೊಡಿಸುವಾಗ ವಯಸ್ಸಿನ ಅಂಕಿಯೊಂದನ್ನೇ ನೋಡಿ ಸುಮ್ಮನಾಗಬೇಡಿ. ಪಕ್ಕದಲ್ಲಿ 'ಇನ್-ಗೇಮ್ ಪರ್ಚೇಸಸ್, ರ‍್ಯಾಂಡಮ್ ಐಟಮ್ಸ್' (ಗೇಮ್ ಒಳಗೆ ದುಡ್ಡು ಕೊಟ್ಟು ಕೊಳ್ಳುವುದು, ಏನು ಸಿಗುತ್ತದೋ ಮೊದಲೇ ಗೊತ್ತಿರದ ವಸ್ತುಗಳು) ಅಂತ ಇದೆಯಾ ಹುಡುಕಿ. ಅಂಕಿ ಮುಖ್ಯವಾಗಿ ಹೊಡೆದಾಟ, ಬೈಗುಳದಂಥವನ್ನು ನೋಡಿ ಕೊಟ್ಟದ್ದು, ಕ್ರೀಡೆಯ ಗೇಮ್‌ಗಳಲ್ಲಿ ಅವು ಇರುವುದೇ ಕಡಿಮೆ. ಇಎ ಸ್ಪೋರ್ಟ್ಸ್ ಎಫ್‌ಸಿ 24 ಎಂಬ ಫುಟ್‌ಬಾಲ್ ಗೇಮ್‌ಗೆ ಯುರೋಪಿನ ಗೇಮ್ ರೇಟಿಂಗ್ ಸಂಸ್ಥೆ ಪೆಗಿ ಕೊಟ್ಟಿದ್ದು 3 ವರ್ಷದ ರೇಟಿಂಗ್. ಆದರೂ ಅದರಲ್ಲಿ ನಮ್ಮದೇ ತಂಡ ಕಟ್ಟುವ ಅಲ್ಟಿಮೇಟ್ ಟೀಮ್ ಮೋಡ್‌ನಲ್ಲಿ ಯಾವ ಆಟಗಾರ ಸಿಗುತ್ತಾನೆಂದು ಗೊತ್ತಿಲ್ಲದೆಯೇ ದುಡ್ಡು ಕೊಟ್ಟು ಆಟಗಾರರ ಕಾರ್ಡ್‌ಗಳ ಪ್ಯಾಕ್ ಒಡೆಯಬಹುದು, ಥೇಟ್ ಲಾಟರಿ. (ಈ ಗೇಮ್ ಸರಣಿಗೆ ಮೊದಲು ಫಿಫಾ ಅಂತ ಹೆಸರಿತ್ತು. ಪ್ಯಾಕ್ ಕೊಳ್ಳಲು ಬಳಸುವ ಫಿಫಾ ಪಾಯಿಂಟ್ಸ್ ಮಾರಾಟ ಬೆಲ್ಜಿಯಂನಲ್ಲಿ ಇದೇ ಕಾರಣಕ್ಕೆ 2019ರಲ್ಲೇ ನಿಂತಿತು.) ಅದೇ ಗೇಮ್‌ನ ಕೆರಿಯರ್, ಕಿಕ್-ಆಫ್ ಮೋಡ್‌ಗಳಿಗೆ ಪ್ಯಾಕ್ ಬೇಕಿಲ್ಲ, ಚಿಕ್ಕವರಿಗೆ ಅಷ್ಟೇ ಸಾಕು ಅನ್ನುವುದು ನನ್ನ ಅಭಿಪ್ರಾಯ. ಆನ್‌ಲೈನ್‌ನಲ್ಲಿ ಎದುರಾಳಿ ಏನು ಮಾತಾಡುತ್ತಾನೆ ಅನ್ನುವುದು ಮಾತ್ರ ಯಾವ ರೇಟಿಂಗ್‌ನಲ್ಲೂ ಗೊತ್ತಾಗುವುದಿಲ್ಲ, ವಾಯ್ಸ್ ಚಾಟ್ ಆಫ್ ಮಾಡಿಯೇ ಕೊಡಿ.