ಇಡ್ಲಿ ಬೇಯುವಷ್ಟು ಹೊತ್ತಿಗೆ ಒಂದು ಅಧ್ಯಾಯ: ವರ್ಷದಲ್ಲಿ ಸತ್ಯವೇದ ಓದಿ ಮುಗಿಸುವ ಲೆಕ್ಕ

ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ವಚನದ ಕಾರ್ಡಿನ ಜೊತೆಗೆ ‘ಒಂದು ವರ್ಷದಲ್ಲಿ ಸತ್ಯವೇದ’ (ಅಂದರೆ ಬೈಬಲ್) ಎಂಬ ಓದಿನ ಪಟ್ಟಿಯೂ ಎಷ್ಟೋ ಸಲ ಕೈಗೆ ಬರುತ್ತದೆ. 365 ಚೌಕ, ಚೌಕಕ್ಕೆ ಮೂರೋ ನಾಲ್ಕೋ ಅಧ್ಯಾಯ. ಫೆಬ್ರವರಿ ನಡುವಿನ ಹೊತ್ತಿಗೆ ಆ ಪಟ್ಟಿ ಸತ್ಯವೇದದ ಮೂರನೆಯ ಪುಸ್ತಕವಾದ ಯಾಜಕಕಾಂಡದ ಪುಟಗಳ ಮಧ್ಯೆ ಸೇರಿಕೊಂಡು ಅಲ್ಲೇ ಉಳಿದುಬಿಡುತ್ತದೆ. ಭಕ್ತಿ ಸಾಲದಾಯಿತು ಎಂದು ನಮ್ಮನ್ನು ನಾವೇ ಬೈದುಕೊಳ್ಳುತ್ತೇವೆ. ಎಡವಟ್ಟಾಗಿರುವುದು ಬಹುತೇಕ ಭಾಗಾಕಾರದಲ್ಲಿ.

ಸತ್ಯವೇದದ 66 ಪುಸ್ತಕಗಳಲ್ಲಿ 1,189 ಅಧ್ಯಾಯಗಳಿವೆ. 365ರಿಂದ ಭಾಗಿಸಿದರೆ ದಿನಕ್ಕೆ ಮೂರೂಕಾಲು. ಮನೆಯಲ್ಲಿ ಯಾರಿಗೂ ಜ್ವರ ಬರುವುದಿಲ್ಲ, ಮದುವೆ ಮುಂಜಿಗೆ ಹೋಗುವುದಿಲ್ಲ, ನೆಂಟರು ಬರುವುದಿಲ್ಲ ಎಂದುಕೊಂಡರೆ ಮಾತ್ರ ಈ ಲೆಕ್ಕ ನಡೆಯುತ್ತದೆ. ಅದಕ್ಕೇ ನಾನು ವಾರಕ್ಕೆ ಆರೇ ದಿನ, ವರ್ಷಕ್ಕೆ 50 ವಾರ ಎಂದು ಹಿಡಿದಿದ್ದೇನೆ. ಭಾನುವಾರ ಪಟ್ಟಿಯಲ್ಲಿ ಏನೂ ಇಲ್ಲ. ಎರಡು ವಾರ ಪೂರ್ತಿ ಉಳಿಕೆ.

ಎರಡನೆಯ ಬದಲಾವಣೆ ಇನ್ನೂ ಮುಖ್ಯ. ಎಲ್ಲವನ್ನೂ ಒಂದೇ ಹೊತ್ತಿನಲ್ಲಿ ಓದುವುದಿಲ್ಲ; ಮೂರು ಎಳೆ ಮಾಡಿ, ಒಂದೊಂದನ್ನು ಮನೆಯಲ್ಲಿ ಹೇಗೂ ನಡೆಯುವ ಒಂದೊಂದು ಕೆಲಸಕ್ಕೆ ಕಟ್ಟಿದ್ದೇನೆ.

ಬೆಳಿಗ್ಗೆ ಸತ್ಯವೇದದ ಎರಡನೆಯ ಭಾಗವಾದ ಹೊಸ ಒಡಂಬಡಿಕೆಯ ಒಂದು ಅಧ್ಯಾಯ, ಗಟ್ಟಿಯಾಗಿ. ಇಡ್ಲಿ ಪಾತ್ರೆ ಒಲೆಗೇರಿಸಿದ ಮೇಲೆ ಹತ್ತು ಹನ್ನೆರಡು ನಿಮಿಷ ಯಾರೂ ಏನೂ ಮಾಡುವಂತಿಲ್ಲ, ಆ ಹೊತ್ತು ಇದಕ್ಕೆ. ಕನ್ನಡದಲ್ಲಿ ಗಟ್ಟಿಯಾಗಿ ಓದಿದರೆ ನನಗೆ ನಿಮಿಷಕ್ಕೆ ಸುಮಾರು ಆರು ವಚನ ಸಾಗುತ್ತದೆ. ನಿಮ್ಮ ವೇಗ ತಿಳಿಯಲು ಮೊಬೈಲಿನಲ್ಲಿ ಟೈಮರ್ ಹಾಕಿ ಮತ್ತಾಯ 5 ಓದಿ ನೋಡಿ; 48 ವಚನ, ಎಂಟು ನಿಮಿಷದ ಆಸುಪಾಸು ಬಂದರೆ ಸರಿ. ಲೂಕ 1ರಲ್ಲಿ 80 ವಚನ, ಮತ್ತಾಯ 26ರಲ್ಲಿ 75. ಇವನ್ನು ಎರಡು ಬೆಳಿಗ್ಗೆಗೆ ಒಡೆಯಲೇಬೇಕು, ಇಲ್ಲದಿದ್ದರೆ ಶಾಲೆ ವ್ಯಾನು ತಪ್ಪುತ್ತದೆ. 260 ಅಧ್ಯಾಯ, ವಾರಕ್ಕೆ ಆರು: 44 ವಾರ.

ರಾತ್ರಿ ಊಟವಾದ ಮೇಲೆ ಕುಟುಂಬ ಪ್ರಾರ್ಥನೆಯಲ್ಲಿ ಕೀರ್ತನೆ, ಅದು ಮುಗಿದ ಮೇಲೆ ಜ್ಞಾನೋಕ್ತಿ. ಇದು ಮಕ್ಕಳ ಎಳೆ. ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಒತ್ತಕ್ಷರದಲ್ಲಿ ನಾಲಿಗೆ ತಡವರಿಸುತ್ತದೆ, ಅವಸರ ಮಾಡಿದರೆ ಮರುದಿನ ಪುಸ್ತಕ ಮುಟ್ಟುವುದಿಲ್ಲ. ‘ಒಂದು ವಚನ ನೀನು, ಒಂದು ನಾನು’ ಎಂದು ಓದಿ; ಮಗುವಿನ ಪಾಲು ಎಂಟು ವಚನ ದಾಟದಿರಲಿ. 119ನೇ ಕೀರ್ತನೆಗೆ ಹೆದರುವುದು ಬೇಡ. ಅದರ 176 ವಚನಗಳು ಎಂಟೆಂಟರ 22 ಭಾಗಗಳಾಗಿಯೇ ಇವೆ, ಹೀಬ್ರು ಅಕ್ಷರಕ್ಕೊಂದು ಭಾಗ. ರಾತ್ರಿಗೆ ಒಂದು ಭಾಗ ಸಾಕು. ಹಾಗಾಗಿ 149 ಕೀರ್ತನೆ, ಆ 22 ರಾತ್ರಿ, ಜ್ಞಾನೋಕ್ತಿಯ 31 ಅಧ್ಯಾಯ ಸೇರಿ 202 ರಾತ್ರಿ. 34 ವಾರದೊಳಗೆ ಕೆಲಸ ಮುಗಿಯುತ್ತದೆ.

ಮೂರನೆಯ ಎಳೆ ಹಳೆಯ ಒಡಂಬಡಿಕೆಯ ಉಳಿದ 748 ಅಧ್ಯಾಯ. ಇದು ದೊಡ್ಡವರದು: ಬಸ್ಸಿನಲ್ಲೋ, ಮಧ್ಯಾಹ್ನದ ಊಟದ ಬಿಡುವಿನಲ್ಲೋ, ಮನಸ್ಸಿನಲ್ಲೇ ಓದಿಕೊಳ್ಳುವುದು. ಸೋಮ, ಬುಧ, ಶುಕ್ರ ಮೂರು. ಮಂಗಳ, ಗುರು, ಶನಿ ಎರಡು. ವಾರಕ್ಕೆ 15, ಸರಿಯಾಗಿ 50 ವಾರ. ಇದನ್ನು ಮಕ್ಕಳ ಓದಿನಿಂದ ಬೇರೆ ಇಡಲು ಇನ್ನೊಂದು ಕಾರಣವೂ ಇದೆ. ನ್ಯಾಯಸ್ಥಾಪಕರು 19, 2 ಸಮುವೇಲ 13, ಯೆಹೆಜ್ಕೇಲ 23 ಇವು ಊಟದ ಮೇಜಿನ ಸುತ್ತ ಗಟ್ಟಿಯಾಗಿ ಓದುವ ಅಧ್ಯಾಯಗಳಲ್ಲ.

ಮೂರೂ ಎಳೆ ಒಟ್ಟಿಗೆ ಮುಗಿಯದಿರುವುದೇ ಇದರ ಅನುಕೂಲ. ರಾತ್ರಿಯದು ಆಗಸ್ಟ್ ಕೊನೆಗೆ, ಬೆಳಗಿನದು ನವೆಂಬರ್ ಮೊದಲಿಗೆ ಮುಗಿದಿರುತ್ತದೆ. ಡಿಸೆಂಬರಿನಲ್ಲಿ ಕ್ಯಾರಲ್ ತಂಡ ಮನೆಗೆ ಬರುತ್ತದೆ, ಸಂಡೇ ಸ್ಕೂಲ್ ನಾಟಕದ ತಾಲೀಮು, ಸುಣ್ಣಬಣ್ಣ, ಕುಸ್ವಾರ್ ಎಂಬ ಕ್ರಿಸ್ಮಸ್ ತಿಂಡಿಗಳು. ಆಗ ಉಳಿದಿರುವುದು ಒಂದೇ ಎಳೆ.

ಈಗ ಯಾಜಕಕಾಂಡದ ವಿಷಯ. ಆದಿಕಾಂಡ 50, ವಿಮೋಚನಕಾಂಡ 40. ವಾರಕ್ಕೆ 15ರಂತೆ ಆರು ವಾರಕ್ಕೆ ಸರಿಹೋಗಿ, ಏಳನೆಯ ವಾರ ಯಾಜಕಕಾಂಡ ಶುರು. ಅಂದರೆ ಫೆಬ್ರವರಿ ನಡುವೆ, ಮಕ್ಕಳ ಪರೀಕ್ಷೆಯ ತಯಾರಿ ಕಾವೇರುವ ಹೊತ್ತಿಗೆ. ಕಥೆ ನಿಂತು ಹೋಮಬಲಿ, ಧಾನ್ಯನೈವೇದ್ಯದ ವಿಧಿಗಳು ಶುರುವಾಗುತ್ತವೆ. ಯಾಕೆ ಓದುತ್ತಿದ್ದೇವೆ ಎಂಬುದೇ ಮರೆಯುತ್ತದೆ. ನಾನು ಮಾಡುವುದು ಇಷ್ಟು: ಬೆಳಗಿನ ಎಳೆಯನ್ನು ಮತ್ತಾಯದಿಂದ ಆರಂಭಿಸದೆ ಮಾರ್ಕ (16), ಯೋಹಾನ (21) ಓದುತ್ತೇನೆ. ಒಟ್ಟು 37, ಆರು ವಾರ ಒಂದು ದಿನ. ಮರುದಿನದಿಂದ ಇಬ್ರಿಯರಿಗೆ ಬರೆದ ಪತ್ರಿಕೆಯ 13 ಅಧ್ಯಾಯ. ಮಧ್ಯಾಹ್ನ ಯಾಜಕಕಾಂಡ, ಬೆಳಿಗ್ಗೆ ಅದರ ವಿವರಣೆ ಎಂದಾಯಿತು. ಮಹಾಯಾಜಕನು ವರ್ಷಕ್ಕೊಮ್ಮೆ ಮಹಾಪವಿತ್ರ ಸ್ಥಾನಕ್ಕೆ ಹೋಗುವ ಯಾಜಕಕಾಂಡ 16 ಅದೇ ವಾರಗಳಲ್ಲಿ ಇಬ್ರಿಯ 9ರ ಪಕ್ಕಕ್ಕೆ ಬಂದು ಕೂರುತ್ತದೆ. ಬಲಿಯ ರಕ್ತ ಹಚ್ಚುವ ಬಲಿಪೀಠದ ನಾಲ್ಕು ಕೊಂಬುಗಳಿಗೆ ಆಗ ಅರ್ಥ ಬರುತ್ತದೆ.

ಅದರ ಹಿಂದೆಯೇ ಅರಣ್ಯಕಾಂಡ 7: 89 ವಚನ, ಹನ್ನೆರಡು ಕುಲಾಧಿಪತಿಗಳು ಹನ್ನೆರಡು ದಿನ ತಂದ ಒಂದೇ ಬಗೆಯ ಕಾಣಿಕೆ. ಮೊದಲ ದಿನದ್ದನ್ನು ನಿಧಾನವಾಗಿ ಓದಿ, ಉಳಿದದ್ದರಲ್ಲಿ ಹೆಸರು ಮಾತ್ರ ಗಮನಿಸಿದರೆ ತಪ್ಪೇನಿಲ್ಲ. ಇನ್ನೊಂದು ಉಬ್ಬು ಜೂನ್ ಆರಂಭದಲ್ಲಿ, 1 ಪೂರ್ವಕಾಲವೃತ್ತಾಂತದ ಮೊದಲ ಒಂಬತ್ತು ಅಧ್ಯಾಯ. ಪೂರ್ತಿ ವಂಶಾವಳಿ, ಜೊತೆಗೆ ಶಾಲೆ ಶುರುವಾದ ಗಡಿಬಿಡಿ. ಇದನ್ನು ಆಡಿಯೋದಲ್ಲಿ ಕೇಳುತ್ತಾ ಪುಟದ ಮೇಲೆ ಬೆರಳಾಡಿಸಿ. ಹೆಸರುಗಳ ಉಚ್ಚಾರಣೆಯೂ ಸಿಗುತ್ತದೆ. ಕೇಳಿದ್ದು ಓದಿದ ಲೆಕ್ಕವೇ ಎಂದು ಕೇಳುವವರಿದ್ದಾರೆ. ಚರಿತ್ರೆಗೆ ಹೌದು. ಪೌಲನ ಪತ್ರಿಕೆಗಳಿಗೆ ಬೇಡ. ಪಾತ್ರೆ ತೊಳೆಯುತ್ತಾ ರೋಮಾಪುರದವರಿಗೆ 7 ಕೇಳಿದರೆ ಏನೂ ಉಳಿಯುವುದಿಲ್ಲ.

ಎಲ್ಲಿಯವರೆಗೆ ಓದಿದೆವು ಎಂಬ ಗುರುತಿಗೆ ಪುಟಗಳ ನಡುವೆ ಇಡಲು ಬೇಕಾದದ್ದು ಮೂರು ಕಾಗದದ ಪಟ್ಟಿ, ಎಳೆಗೊಂದು. ಹಳೆಯ ವಾಗ್ದಾನದ ಕಾರ್ಡನ್ನು ಉದ್ದಕ್ಕೆ ಕತ್ತರಿಸಿದರೆ ಆಯಿತು. ದಿನಾಂಕ ಬರೆಯಬೇಡಿ. ದಿನಾಂಕವಿದ್ದರೆ ನಾಲ್ಕು ದಿನ ತಪ್ಪಿದಾಗ ಹತ್ತು ಅಧ್ಯಾಯದ ಸಾಲ ಕಣ್ಣಿಗೆ ಹೊಡೆಯುತ್ತದೆ. ಆ್ಯಪುಗಳು ಬಾಕಿ ದಿನಗಳನ್ನು ಎಣಿಸಿ ತೋರಿಸುವುದೂ ಹೀಗೇ. ಪಟ್ಟಿ ಎಲ್ಲಿದೆಯೋ ಅಲ್ಲಿಂದ ಅಂದಿನ ಪಾಲಷ್ಟೇ ಓದಿ, ತಪ್ಪಿದ್ದನ್ನು ನಾಳೆಗೆ ಸೇರಿಸಬೇಡಿ. ಭಾನುವಾರ ಮಧ್ಯಾಹ್ನ ಆದರೆ ಮೂರ್ನಾಲ್ಕು ಅಧ್ಯಾಯ ತೀರಿಸಿ, ನಿದ್ದೆ ಬಂದರೆ ಮಲಗಿ.

ದಿಕ್ಕು ತಪ್ಪದಿರಲು ವರ್ಷಕ್ಕೆ ಮೂರು ಸಲ ನೋಡಿದರೆ ಸಾಕು. ದೊಡ್ಡ ಎಳೆಯ ಪಟ್ಟಿ ಮಾರ್ಚ್ ಕೊನೆಗೆ ಯೆಹೋಶುವ 8ರಲ್ಲಿ, ಜೂನ್ ಕೊನೆಗೆ 2 ಪೂರ್ವಕಾಲವೃತ್ತಾಂತ 23ರಲ್ಲಿ, ಸೆಪ್ಟೆಂಬರ್ ಕೊನೆಗೆ ಯೆರೆಮೀಯ 21ರಲ್ಲಿ ಇರಬೇಕು. 30 ಅಧ್ಯಾಯದವರೆಗೆ ಹಿಂದೆ ಬಿದ್ದಿದ್ದರೆ ಉಳಿಕೆಯ ಎರಡು ವಾರ ಅದನ್ನು ನುಂಗಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾಗಿದ್ದರೆ ಆಗಸ್ಟ್ ನಂತರ ಖಾಲಿಯಾಗುವ ರಾತ್ರಿಯ ಹೊತ್ತಿಗೆ ದಿನಕ್ಕೊಂದು ಅಧ್ಯಾಯ ವರ್ಗಾಯಿಸಿ.

ಕಥೋಲಿಕರ 73 ಪುಸ್ತಕಗಳ ಬೈಬಲಿಗೆ ಈ ಸಂಖ್ಯೆಗಳು ಹೊಂದುವುದಿಲ್ಲ. ತೋಬಿತ, ಮಕ್ಕಬಿಯರು ಮುಂತಾದವನ್ನು ದೊಡ್ಡ ಎಳೆಗೆ ಸೇರಿಸಿ ವಾರದ ಪಾಲನ್ನು ಹೊಸದಾಗಿ ಭಾಗಿಸಿಕೊಳ್ಳಬೇಕು. ಜನವರಿ ತಪ್ಪಿಸಿಕೊಂಡವರು ಏಪ್ರಿಲ್ ರಜೆಯಲ್ಲಿ ಶುರು ಮಾಡಬಹುದು. ಆಗ ಯಾಜಕಕಾಂಡ ಮೇ ಕೊನೆಗೋ ಜೂನಿಗೋ ಬರುತ್ತದೆ, ಪರೀಕ್ಷೆಯ ಹೊತ್ತಿಗೆ ಪ್ರವಾದಿಗಳ ಕೊನೆಯ ಚಿಕ್ಕ ಪುಸ್ತಕಗಳಷ್ಟೇ ಬಾಕಿ.